ಹೊಟ್ಟೆಯ ಅಕ್ಕಿ, ವಾಹನದ ಅಕ್ಕಿ

ಪೆಟ್ರೋಲ್ ಬಂಕಿನಲ್ಲಿ ನಾವಿಂದು ತುಂಬಿಸಿಕೊಳ್ಳುವ ಒಂದು ಲೀಟರಿನಲ್ಲಿ ಸುಮಾರು 200 ಮಿಲಿಲೀಟರ್ ಇಥೆನಾಲ್ ಇರುತ್ತದೆ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರಿಂದ ಆರಂಭವಾದ ಈ ಬೆರಕೆ 2022ರಲ್ಲಿ ಶೇ. 10ಕ್ಕೆ, 2025ರಲ್ಲಿ ಶೇ. 20ಕ್ಕೆ ಮುಟ್ಟಿತು. ಮೊದಲು ಅದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬರುತ್ತಿತ್ತು. ಕಾಕಂಬಿಯನ್ನು ಯಾರೂ ಉಣ್ಣುವುದಿಲ್ಲವಾದ್ದರಿಂದ ಆಗ ಪ್ರಶ್ನೆಯೇ ಇರಲಿಲ್ಲ. ಈಗ ದೊಡ್ಡ ಪಾಲು ಮೆಕ್ಕೆಜೋಳ ಮತ್ತು ಅಕ್ಕಿಯದು.

ಸಣ್ಣದೊಂದು ಲೆಕ್ಕ ಹಾಕೋಣ. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಇಥೆನಾಲ್ ಸಿಗುತ್ತದೆ. 40 ಲೀಟರಿನ ಟ್ಯಾಂಕ್ ತುಂಬಿಸಿದರೆ ಅದರಲ್ಲಿ ಇಥೆನಾಲ್ 8 ಲೀಟರ್. ಅದಷ್ಟೂ ಅಕ್ಕಿಯದೇ ಆಗಿದ್ದರೆ 17-18 ಕೆ.ಜಿ. ಅಕ್ಕಿ ಬೇಕು. ಕೇಂದ್ರದ ಪಡಿತರದಲ್ಲಿ ಸಾಮಾನ್ಯ ಫಲಾನುಭವಿಯೊಬ್ಬನಿಗೆ ತಿಂಗಳಿಗೆ ಸಿಗುವುದು 5 ಕೆ.ಜಿ. ಅಂದರೆ ಮೂವರ ಇಡೀ ತಿಂಗಳ ಅಕ್ಕಿಗೆ ಇನ್ನಷ್ಟು ಸೇರಿಸಿದರೆ ಒಂದು ಕಾರಿನ ಒಂದು ಸಲದ ಪೆಟ್ರೋಲಿಗಾಗುತ್ತದೆ.

2023ರ ಜೂನ್ ತಿಂಗಳನ್ನು ನಮ್ಮ ರಾಜ್ಯದವರು ಮರೆತಿರಲಾರರು. ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಕೊಳ್ಳಲು ಕರ್ನಾಟಕ ಸಿದ್ಧವಿತ್ತು. ರಾಜ್ಯಗಳಿಗೆ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ಹಣ ಜನರ ಖಾತೆಗೆ ಬಂತು. ನ್ಯಾಯವಾಗಿ ಹೇಳಬೇಕೆಂದರೆ, ಮರುತಿಂಗಳು ಇಥೆನಾಲ್ ಕಾರ್ಖಾನೆಗಳಿಗೂ ಆ ಅಕ್ಕಿ ನಿಂತಿತು. 2025ರಲ್ಲಿ ಗೋದಾಮುಗಳು ತುಂಬಿ ತುಳುಕಿದಾಗ ರಾಜ್ಯಗಳಿಗೂ ಕಾರ್ಖಾನೆಗಳಿಗೂ ಒಂದೇ ದರ ನಿಗದಿಯಾಯಿತು: ಕೆ.ಜಿ.ಗೆ 22.50 ರೂಪಾಯಿ. ಉಣ್ಣುವವನೂ ಯಂತ್ರವೂ ಒಂದೇ ಸಾಲಿನಲ್ಲಿ ಚೀಲ ಹಿಡಿದು ನಿಂತರು. ನಮ್ಮನ್ನು ಕಾಡುವುದು ಈ ಸಾಲು.

ಎದುರು ವಾದವನ್ನು ನಾವು ತಳ್ಳಿಹಾಕುವುದಿಲ್ಲ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಗೋದಾಮಿನಲ್ಲಿ ಹುಳ ಹಿಡಿಯುವ ಧಾನ್ಯಕ್ಕಿಂತ ಇಂಧನವಾಗುವ ಧಾನ್ಯ ಮೇಲಲ್ಲವೇ? ರೈತನಿಗೂ ಬೆಲೆ ಸಿಗುವುದಲ್ಲವೇ? ಸಿಗಬೇಕಿತ್ತು. ಆದರೆ 2025ರ ನವೆಂಬರಿನಲ್ಲಿ ಹಾವೇರಿ, ಗದಗದ ರೈತರು ಮೆಕ್ಕೆಜೋಳಕ್ಕೆ 2,400 ರೂಪಾಯಿಯ ಬೆಂಬಲ ಬೆಲೆಯೂ ಸಿಗದೆ ಬೀದಿಗಿಳಿದರು. ಕಾರ್ಖಾನೆಗೆ ಅಗ್ಗದ ಅಕ್ಕಿ ಸಿಗುವಾಗ ಜೋಳಕ್ಕೆ ಹೆಚ್ಚು ಕೊಡುವವರಾರು?

ಅಮೆರಿಕದಲ್ಲಿ ಜೋಳ ಇಥೆನಾಲಿನತ್ತ ಹರಿದಾಗ, 2007ರ ಜನವರಿಯಲ್ಲಿ ಮೆಕ್ಸಿಕೋದ ಬಡವರು ತಮ್ಮ ಜೋಳದ ರೊಟ್ಟಿ ದುಬಾರಿಯಾಯಿತೆಂದು ಮೆರವಣಿಗೆ ಹೊರಟಿದ್ದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಹೊಟ್ಟೆಯ ಹಸಿವಿಗೆ ಮಿತಿಯಿದೆ. ವಾಹನದ ಹಸಿವಿಗೆ ಅದರ ಒಡೆಯನ ಜೇಬೇ ಮಿತಿ.

ಇಸ್ಲಾಮಿನಲ್ಲಿ ಇಸ್ರಾಫ್ ಎಂಬ ಮಾತಿದೆ. ನಿಷಿದ್ಧವಾದುದನ್ನು ಮಾಡುವುದಷ್ಟೇ ತಪ್ಪಲ್ಲ, ಅನುಮತಿಯಿರುವುದನ್ನೂ ಮಿತಿಮೀರಿ ಬಳಸುವುದು ತಪ್ಪು. ತೈಲಕ್ಕೆ ಪರ್ಯಾಯ ಹುಡುಕುವ ನಮ್ಮ ಚರ್ಚೆಯಲ್ಲಿ ಇದೊಂದೇ ಕಾಣೆಯಾಗಿದೆ. ಯಾವುದನ್ನು ಉರಿಸೋಣ ಎಂದು ಕೇಳುತ್ತೇವೆ, ಎಷ್ಟು ಉರಿಸೋಣ ಎಂದು ಕೇಳುವುದಿಲ್ಲ. ಬಸ್ಸು ಹೋಗುವ ದಾರಿಯಲ್ಲೇ ಒಬ್ಬೊಬ್ಬರೇ ಕಾರು ಓಡಿಸುವವರಲ್ಲಿ ನಾವೂ ಇದ್ದೇವೆ.

ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಇಥೆನಾಲ್ ತೆಗೆಯುವ ಘಟಕ 2022ರಲ್ಲಿ ಉದ್ಘಾಟನೆಯಾಯಿತು. ಗದ್ದೆಯಲ್ಲಿ ಸುಟ್ಟು ಹೋಗುತ್ತಿದ್ದ ಹುಲ್ಲು ಅದು. ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಹುಲ್ಲಿನದು ಯಾವುದು, ಅಕ್ಕಿಯದು ಯಾವುದು ಎಂದು ಬಂಕಿನ ಫಲಕದಲ್ಲಿ ಬರೆದಿರುವುದಿಲ್ಲ. ಅಲ್ಲಿರುವುದು ಅಂದಿನ ದರವಷ್ಟೇ.