ಗದ್ದಲದ ಹುಡುಗನಿಗೂ ಒಂದು ಸೀಟು

ಇಂಗ್ಲೆಂಡಿನ ಕೆಂಟ್ ಕಡೆಯ ಕೆಲವು ಶಾಲೆಗಳಲ್ಲಿ ಬೇಸಿಗೆ ರಜೆಗೆ ಮುಂಚೆ ಒಂದು ಪಟ್ಟಿ ಹಾಕುತ್ತಾರೆ. ವರ್ಷವಿಡೀ ತಂಟೆ ಮಾಡದೆ, ಹೊತ್ತಿಗೆ ಸರಿಯಾಗಿ ಬಂದು, ಹೋಂವರ್ಕ್ ಒಪ್ಪಿಸಿ ಪಾಯಿಂಟ್ ಗಳಿಸಿದ ಮಕ್ಕಳಿಗೆ ಫ್ರಾನ್ಸಿನಲ್ಲಿ ಒಂದು ದಿನ. ಎರಡು ದೇಶಗಳ ನಡುವಿನ ಡೋವರ್ ಜಲಸಂಧಿ ಕಿರಿದಾದಲ್ಲಿ 33 ಕಿಲೋಮೀಟರ್ ಅಷ್ಟೆ. ಫೋಕ್‌ಸ್ಟನ್‌ನಲ್ಲಿ ಬಸ್ಸೇ ರೈಲು ಹತ್ತುತ್ತದೆ. 1994ರಲ್ಲಿ ತೆರೆದ ಕಡಲಡಿಯ ಸುರಂಗದೊಳಗೆ 35 ನಿಮಿಷ ಸಾಗಿದರೆ ಆಚೆ ದಡ.

ಫ್ರಾನ್ಸಿನ ಬುಲೋನ್ ಪಟ್ಟಣದ ಡಾಲ್ಟನ್ ಚೌಕದಲ್ಲಿ ಬುಧವಾರ, ಶನಿವಾರ ಸಂತೆ. ಅಲ್ಲೊಂದು ಬೇಕರಿ ಮುಂದೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಸರದಿಯಲ್ಲಿ ನಿಂತಿದ್ದಾಳೆ ಎನ್ನಿ. ಅಂಗೈ ಬೆವರುವಷ್ಟು ಬಿಗಿಯಾಗಿ ಯೂರೋ ನಾಣ್ಯ ಹಿಡಿದು, ಕಲಿತ ಫ್ರೆಂಚ್ ವಾಕ್ಯವನ್ನು ತುಟಿಯೊಳಗೇ ಉರು ಹೊಡೆಯುತ್ತಾಳೆ. ಟೀಚರ್ ಬೇಕೆಂದೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಂಗಡಿಯಾಕೆಗೆ ಅವಳ ಮಾತು ಅರ್ಥವಾಗಿ ಬ್ರೆಡ್ಡು ಕೈಗೆ ಬಂತೆಂದರೆ, ಇಡೀ ವರ್ಷದ ಪಾಠಕ್ಕೆ ಅಲ್ಲಿ ಜೀವ ಬರುತ್ತದೆ.

ಇಂಥ ಸದ್ದಿಲ್ಲದ ಮಗುವನ್ನು ಶಾಲೆ ಗಮನಿಸಿತಲ್ಲ ಎಂಬುದು ನನಗೆ ನಿಜವಾಗಿ ಸಂತೋಷದ ಸಂಗತಿ. ಯಾವ ತರಗತಿಯಲ್ಲಾದರೂ ಮೇಷ್ಟ್ರ ಹೊತ್ತೆಲ್ಲ ಗಲಾಟೆಯವರನ್ನು ಸುಮ್ಮನಿರಿಸುವುದರಲ್ಲೇ ಕಳೆಯುತ್ತದೆ. ತನ್ನ ಪಾಡಿಗೆ ಕೂತು ಬರೆಯುವವಳ ಹೆಸರು ಹಾಜರಿಯಲ್ಲಿ ಬಿಟ್ಟರೆ ಕೇಳಿಬರುವುದೇ ಇಲ್ಲ. ಅವಳಿಗೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ಕಡಲು ದಾಟುವುದು ಕಲಿಕೆಯೇ ಆಗಿದ್ದರೆ, ಅದನ್ನು ಕೆಲವರಿಗಷ್ಟೇ ಏಕೆ ಮೀಸಲಿಡಬೇಕು? ಕೂತಲ್ಲಿ ಕೂರಲಾಗದ ಹುಡುಗನಿಗೆ ಎಡಿಎಚ್‌ಡಿಯೋ ಆಟಿಸಮ್ಮೋ ಇರಬಹುದು. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಇಂಥ ಮಕ್ಕಳಿಗಾಗಿ ಸೂಕ್ತ ಹೊಂದಾಣಿಕೆ ಮಾಡಿಕೊಳ್ಳಬೇಕೆಂದು ಶಾಲೆಗಳಿಗೆ ವಿಧಿಸುತ್ತದೆ. ಎಲ್ಲರಿಗೂ ಒಂದೇ ಪಾಯಿಂಟಿನ ಗೆರೆ ಎಳೆದರೆ ಆ ಹೊಂದಾಣಿಕೆ ಎಲ್ಲಿ ಉಳಿಯಿತು?

ಬಹುಮಾನದ ಆಸೆ ತೋರಿಸುವುದರಲ್ಲೂ ಒಂದು ತೊಡಕಿದೆ. ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಮನಃಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್ಬೆಟ್ ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟಾಣಿಗಳಲ್ಲಿ, ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಹೇಳಿಸಿಕೊಂಡವರು ಮುಂದಿನ ದಿನಗಳಲ್ಲಿ ಸ್ಕೆಚ್ ಪೆನ್ ಹಿಡಿಯುವುದನ್ನೇ ಕಡಿಮೆ ಮಾಡಿದರು. ನಿರೀಕ್ಷೆಯಿಲ್ಲದೆ ಪ್ರಶಸ್ತಿ ಪಡೆದವರ ಉತ್ಸಾಹ ಹಾಗೆ ತಗ್ಗಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ, ಫ್ರೆಂಚ್ ಓದುವ ತರಗತಿಯೆಲ್ಲ ಬಸ್ಸು ಹತ್ತಲಿ. ಚಂಚಲ ಹುಡುಗನ ಪಕ್ಕದ ಸೀಟಿನಲ್ಲಿ ಒಬ್ಬ ಸಹಾಯಕರು ಕೂರಲಿ. ಸದ್ದಿಲ್ಲದ ಹುಡುಗಿಯ ಮನೆಗೆ, ಅವಳು ಎದುರು ನೋಡದ ಒಂದು ದಿನ, ಹೆಡ್‌ಮಾಸ್ಟರರು ಕೈಯಾರೆ ಬರೆದ ಪತ್ರ ಹೋಗಲಿ. ಇನ್ನೊಂದನ್ನು ಮಾತ್ರ ಹೊರಡುವ ದಿನಕ್ಕೆ ಬಹಳ ಮೊದಲೇ ನೋಡಿಕೊಳ್ಳಬೇಕು. ಮಗುವಿನ ಬ್ರಿಟಿಷ್ ಪಾಸ್‌ಪೋರ್ಟಿಗೆ 2025ರಲ್ಲಿ ಸುಮಾರು 60 ಪೌಂಡ್ ಬೇಕಾಗಿತ್ತು. ಅಷ್ಟು ಹೊಂದಿಸಲಾಗದ ಮನೆಯ ಮಗು, ಎಷ್ಟು ಸಂಭಾವಿತವಾಗಿದ್ದರೂ, ನೆಪ ಹೇಳಿ ಹಿಂದೆ ಉಳಿಯುತ್ತದೆ. ಅಂಥ ಮನೆಗಳನ್ನು ಶಾಲೆ ನಾಲ್ಕು ಜನರ ಕಿವಿಗೆ ಬೀಳದಂತೆ ವಿಚಾರಿಸಿ, ಆ ಖರ್ಚನ್ನು ತಾನೇ ಹೊರಬೇಕು.