ಆವರಣದೊಳಗಿನ ಋಣ

ಆಟಿ ತಿಂಗಳಲ್ಲಿ ಮಳೆ ಬಿಡದೆ ಹಿಡಿದುಕೊಂಡರೆ ದಕ್ಷಿಣ ಕನ್ನಡದ ಐವರ್ನಾಡಿನ ತೋಟಗಳಲ್ಲಿ ಎಳೆಯಡಿಕೆ ಉದುರತೊಡಗುತ್ತದೆ. ಇದು ಕೊಳೆರೋಗ; ಮಹಾಳಿ ಎನ್ನುವ ಹಳಬರೂ ಇದ್ದಾರೆ. ಮಳೆಗಾಲ ಶುರುವಾಗುವ ಮೊದಲೊಮ್ಮೆ, ನಡುವೆ ಹೊಳವು ಕಂಡಾಗ ಇನ್ನೊಮ್ಮೆ ಮದ್ದು ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಈ ಲೆಕ್ಕ ಎಲ್ಲಿಯದು ಎಂದು ತೋಟದಲ್ಲಿ ಯಾರೂ ಕೇಳುವುದಿಲ್ಲ; ಅಜ್ಜನ ಕಾಲದಿಂದ ಇರುವುದು, ಅಷ್ಟೆ. ಅಂಥ ಮನೆಯ ಮಗಳೊಬ್ಬಳು ಸಸ್ಯರೋಗಶಾಸ್ತ್ರ ಓದಿ, ಅದೇ ರೋಗದ ಮೇಲೆ ವಿಜ್ಞಾನ ಪತ್ರಿಕೆಗೆ ಪ್ರಬಂಧ ಕಳಿಸುವುದಾದರೆ ಅಜ್ಜನ ಹೆಸರು ಸಾಲದು. ಹೇಳಿದ್ದಕ್ಕೆಲ್ಲ ಆಕರ ಬೇಕು, ಆಕರಕ್ಕೆ ವರ್ಷ, ಸಂಪುಟ, ಪುಟ ಬೇಕು, ಅಲ್ಪವಿರಾಮವೂ ಪತ್ರಿಕೆ ತೋರಿಸಿದ ಜಾಗದಲ್ಲೇ ಕೂರಬೇಕು.

ಸಂಶೋಧಕರಿಗೆ ಈ ಕೆಲಸದಷ್ಟು ಬೇಸರದ್ದು ಇನ್ನೊಂದಿಲ್ಲ. 1978ರಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಹಸ್ತಪ್ರತಿಗಳಿಗೆ ಒಂದು ಸಮಾನ ರೂಪ ಗೊತ್ತುಮಾಡಿದರು. ಅಲ್ಲಿಂದ ಬೆಳೆದ ಪದ್ಧತಿಯಲ್ಲಿ ಆಕರಗಳಿಗೆ ಕ್ರಮಸಂಖ್ಯೆ ಕೊಡುತ್ತಾರೆ. ಲೇಖಕರು ಆರಕ್ಕಿಂತ ಹೆಚ್ಚಾದರೆ ಏಳನೆಯವರಿಂದಾಚೆ ಎಲ್ಲರೂ 'ಇತರರು'. ಪಂಚಲಿಂಗೇಶ್ವರನ ಊರಾದ ಐವರ್ನಾಡಿಗೆ ಈ ನಿಯಮದಿಂದ ತೊಂದರೆಯಿಲ್ಲ, ಪಾಂಡವರು ಐವರೂ ಉಳಿಯುತ್ತಾರೆ. ಕೌರವರ ಗತಿ ಬೇರೆ.

ಇದೆಲ್ಲ ಬರಿಯ ಮಡಿ-ಮೈಲಿಗೆಯೋ, ಒಳಗೇನಾದರೂ ತಿರುಳಿದೆಯೋ? ತಾನು ತಿಳಿದದ್ದಕ್ಕೆ ಮನುಷ್ಯ ಯಾರಿಗೆ ಋಣಿ, ಆ ಋಣವನ್ನು ಬಾಯಿಬಿಟ್ಟು, ಗೊತ್ತಾದ ಕ್ರಮದಲ್ಲೇ ಏಕೆ ಹೇಳಬೇಕು ಎಂಬುದು ವಿಜ್ಞಾನಕ್ಕಿಂತ ಬಹಳ ಹಳೆಯ ಪ್ರಶ್ನೆ. ಹುಟ್ಟುವಾಗಲೇ ಹೊತ್ತು ಬರುವ ಮೂರು ಋಣಗಳನ್ನು ತೈತ್ತಿರೀಯ ಸಂಹಿತೆ ಹೇಳುತ್ತದೆ. ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ, ಋಷಿಋಣ ಬ್ರಹ್ಮಚರ್ಯದಿಂದ, ಎಂದರೆ ವೇದಾಧ್ಯಯನದಿಂದ ತೀರಬೇಕು.

ಋಷಿಋಣಕ್ಕೆ ಒಂದು ರೂಪವೂ ಇದೆ. ಗಾಯತ್ರಿ ಜಪಕ್ಕೆ ಕೂತವರು ಮಂತ್ರಕ್ಕೆ ಮೊದಲು ವಿಶ್ವಾಮಿತ್ರ ಋಷಿ ಎಂದು ತಲೆ ಮುಟ್ಟುತ್ತಾರೆ, ಗಾಯತ್ರೀ ಛಂದಸ್ಸು ಎಂದು ಬಾಯಿ, ಸವಿತೃ ದೇವತೆ ಎಂದು ಎದೆ. ಯಾರಿಂದ, ಯಾವ ರೂಪದಲ್ಲಿ, ಯಾವುದರ ಬಗ್ಗೆ: ಮೂರೂ ಬಂದವು. ಋಗ್ವೇದದ ಸಾವಿರಕ್ಕೂ ಮಿಕ್ಕ ಸೂಕ್ತಗಳಿಗೆ ಈ ವಿವರಗಳನ್ನೆಲ್ಲ ಕೂಡಿಸಿಟ್ಟ ಕಾತ್ಯಾಯನನ ಸರ್ವಾನುಕ್ರಮಣಿ ಯಾವ ಆಕರಸೂಚಿಗೂ ಕಡಿಮೆಯದಲ್ಲ. ಇವನ್ನು ತಿಳಿಯದೆ ಮಂತ್ರ ಹೇಳಿದರೆ ಫಲವಿಲ್ಲ, ದೋಷವೂ ಉಂಟು ಎಂದು ಸಂಪ್ರದಾಯ ಹೆದರಿಸುತ್ತದೆ. ಪತ್ರಿಕೆಗಳಾದರೆ ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸುತ್ತವೆ, ಅಷ್ಟೇ.

ಇಲ್ಲೊಂದು ತೊಡಕಿದೆ. ಮೀಮಾಂಸಕರ ಪ್ರಕಾರ ವೇದ ಅಪೌರುಷೇಯ, ಅದನ್ನು ಯಾರೂ ಬರೆದದ್ದಲ್ಲ. ಬರೆದವರೇ ಇಲ್ಲದ ಮಾತಿಗೆ ಹೆಸರೇಕೆ? ಋಷಿ ಕರ್ತೃವಲ್ಲ, ದ್ರಷ್ಟಾರ ಎಂಬುದು ಉತ್ತರ. ಸಲ್ಲುವುದು ಕಂಡವರಿಗೆ.

ಕೊಳೆರೋಗದ ವಿಷಯದಲ್ಲೂ ಅದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಜೀವಿಯನ್ನು ವಿವರಿಸಿ, ಆಗಲೇ ಗೊತ್ತಿದ್ದ ಒಂದು ಪ್ರಭೇದದ ಉಪವಿಧವೆಂದು ಹೆಸರಿಟ್ಟರು. 1913ರಲ್ಲಿ ಪೆಥಿಬ್ರಿಜ್ ಎಂಬ ವಿಜ್ಞಾನಿ ಅದನ್ನು ಪ್ರತ್ಯೇಕ ಪ್ರಭೇದವಾಗಿಸಿದರು. ಅಂದಿನಿಂದ ಅದರ ಪೂರ್ತಿ ಹೆಸರು ಫೈಟಾಪ್ತೊರಾ ಅರೆಕೆ (ಕೋಲ್ಮನ್) ಪೆಥಿಬ್ರಿಜ್. ಮೊದಲು ಕಂಡವರು ಆವರಣದೊಳಗೆ, ಸ್ಥಾನ ಬದಲಿಸಿದವರು ಹೊರಗೆ. ಈಗಿನ ಪ್ರಬಂಧಗಳು ಅಡಿಕೆಯ ಕೊಳೆಗೆ ಹೆಚ್ಚಾಗಿ ಫೈಟಾಪ್ತೊರಾ ಮೀಡಿಯೈ ಎಂಬ ಬೇರೆ ಪ್ರಭೇದವನ್ನು ಹೊಣೆ ಮಾಡುತ್ತವೆ. ಹೀಗೆ ತಿದ್ದಲು ಸಾಧ್ಯವಾಗುವುದೂ ಮೊದಲು ಯಾರು ಏನನ್ನು ಕಂಡು ಎಲ್ಲಿ ಬರೆದರೆಂದು ಗುರುತು ಉಳಿದಿದ್ದರಿಂದಲೇ.

ಆದರೆ ಆ ಗುರುತಿನ ದಾರಿ ಹಿಡಿದು ಹೋದಾಗ ಪುಸ್ತಕವೇ ಸಿಗದಿದ್ದರೆ?

ಈ ಪ್ರಶ್ನೆ ಎದ್ದದ್ದು ಕರಾವಳಿಯ ಅತಿ ದೊಡ್ಡ ದಾರ್ಶನಿಕರ ಬಗ್ಗೆಯೇ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು (1238–1317) ಈ ಸೀಮೆಗೆ ಹೊರಗಿನವರಲ್ಲ. ಕಡಬ ತಾಲ್ಲೂಕಿನ ಸುಬ್ರಹ್ಮಣ್ಯ ಮಠದ ಪರಂಪರೆ ಅವರ ತಮ್ಮ ವಿಷ್ಣುತೀರ್ಥರಿಂದ ಮೊದಲಾಗುತ್ತದೆ. ಆಚಾರ್ಯರು ತಮ್ಮ ಭಾಷ್ಯಗಳಲ್ಲಿ ಹೆಜ್ಜೆಹೆಜ್ಜೆಗೂ ಪ್ರಮಾಣವಾಕ್ಯ ಕೊಡುತ್ತಾರೆ, ಗ್ರಂಥದ ಹೆಸರನ್ನೂ ಹಿಡಿದು ಹೇಳುತ್ತಾರೆ. ತೊಂದರೆ ಏನೆಂದರೆ ಬ್ರಹ್ಮತರ್ಕದಂಥ ಹಲವು ಗ್ರಂಥಗಳು ಇಂದು ಎಲ್ಲಿಯೂ ಇಲ್ಲ. ಹದಿನಾರನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ಮಧ್ವತಂತ್ರಮುಖಮರ್ದನದಲ್ಲಿ ಇದನ್ನೇ ಎತ್ತಿ ಆಡಿದರು. ವಿಜಯೀಂದ್ರ ತೀರ್ಥರು ಮಧ್ವಾಧ್ವಕಂಟಕೋದ್ಧಾರ ಬರೆದು ಅವರಿಗೆ ಎದುರು ನಿಂತರು. ನಾಲ್ಕು ಶತಮಾನ ಕಳೆದ ಮೇಲೆ, 1997ರಲ್ಲಿ, ರೋಕ್ ಮೆಸ್ಕಿಟಾ ಎಂಬ ವಿದ್ವಾಂಸರು ವಿಯೆನ್ನಾದಲ್ಲಿ ಜರ್ಮನ್ ಪುಸ್ತಕವೊಂದನ್ನು ಪ್ರಕಟಿಸಿ, ಆ ವಾಕ್ಯಗಳು ಆಚಾರ್ಯರ ಸ್ವಂತ ರಚನೆಯೇ ಎಂದು ವಾದಿಸಿದರು. ಬಿ.ಎನ್.ಕೆ. ಶರ್ಮರು ಅದನ್ನು ಖಂಡಿಸಿದರು.

ಗ್ರಂಥ ಸಿಗಲಿಲ್ಲ ಎಂದ ಮಾತ್ರಕ್ಕೆ ಇರಲೇ ಇಲ್ಲ ಎನ್ನಲಾಗದು. ಪತಂಜಲಿಯ ಮಹಾಭಾಷ್ಯ ಸಾಮವೇದಕ್ಕೆ ಸಾವಿರ ದಾರಿಗಳನ್ನೂ ಋಗ್ವೇದಕ್ಕೆ 21 ಶಾಖೆಗಳನ್ನೂ ಹೇಳುತ್ತದೆ. ಉಳಿದಿರುವವನ್ನು ಬೆರಳಲ್ಲಿ ಎಣಿಸಬಹುದು. ತಾಳೆಗರಿಗೆ ಗೆದ್ದಲು, ಬೆಂಕಿ, ಕರಾವಳಿಯ ತೇವ ಎಲ್ಲವೂ ಶತ್ರು. ಹಾಗೆಂದು, ಕಳೆದುಹೋಗಿದೆ ಎಂಬುದು ಇತ್ತು ಎಂಬುದಕ್ಕೆ ಪುರಾವೆಯೂ ಆಗದು. ಸ್ವತಃ ಮಧ್ವಾಚಾರ್ಯರೇ ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಪಾಠಗಳ ಪಾಡನ್ನು ಬಿಚ್ಚಿಟ್ಟಿದ್ದಾರೆ: ಕೆಲವೆಡೆ ನಡುವೆ ಸೇರಿಸುತ್ತಾರೆ, ಕೆಲವೆಡೆ ಬಿಡುತ್ತಾರೆ, ಕೆಲವೆಡೆ ಹಿಂದುಮುಂದು ಮಾಡುತ್ತಾರೆ, ಕೆಲವೆಡೆ ಪ್ರಮಾದದಿಂದ ಬದಲಿಸುತ್ತಾರೆ. ಹದಿಮೂರನೆಯ ಶತಮಾನದಲ್ಲಿ ಇಷ್ಟು ಚೊಕ್ಕವಾಗಿ ಗ್ರಂಥಸಂಪಾದನೆಯ ರೋಗಲಕ್ಷಣಗಳನ್ನು ಹೇಳಿದವರನ್ನು ಆಕರದ ಬೆಲೆ ಅರಿಯದವರು ಎನ್ನಲು ನಾಲಿಗೆ ಏಳದು.

ಭಕ್ತರಿಗೆ ಈ ಜಗಳ ತಟ್ಟುವುದಿಲ್ಲ. ಆಪ್ತನ, ಎಂದರೆ ನಂಬಲು ತಕ್ಕವನ, ಮಾತು ಪ್ರಮಾಣ ಎಂದು ನೈಯಾಯಿಕರೂ ಒಪ್ಪುತ್ತಾರೆ. ಆಚಾರ್ಯರು ಆಪ್ತರಾದರೆ ಅವರು ಹೆಸರಿಸಿದ ಗ್ರಂಥವೂ ಉಂಟು. ವಿಜ್ಞಾನಿಗಳಿಗೆ ಈ ತರ್ಕ ನಗು ತರಿಸಬಹುದು, ಆದರೆ ಅವರ ಕಾಲೂ ಇದೇ ನೆಲದ ಮೇಲಿದೆ. ಪ್ರಬಂಧದ ಕೊನೆಯಲ್ಲಿ ಐವತ್ತು ಆಕರಗಳಿದ್ದರೆ ಐವತ್ತನ್ನೂ ತೆರೆದು ನೋಡುವ ಓದುಗ ಎಲ್ಲಿದ್ದಾನೆ? ಬೇಕೆಂದಾಗ ತೆರೆಯಬಹುದು ಎಂಬ ಧೈರ್ಯದ ಮೇಲೆಯೇ ಎಲ್ಲ ನಡೆಯುತ್ತದೆ.

ಆ ಧೈರ್ಯ ಅಲುಗಿದ್ದೂ ಉಂಟು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಅವನ್ನು ಹೆಣೆದುಕೊಟ್ಟದ್ದು ಚಾಟ್‌ಜಿಪಿಟಿ. ಕಕ್ಷಿದಾರರ ಹೆಸರು, ಸಂಪುಟ, ಪುಟ, ವರ್ಷ, ಎಲ್ಲವೂ ಕ್ರಮಬದ್ಧ; ತೀರ್ಪು ಮಾತ್ರ ಇಲ್ಲ. ಕಂಡವರೇ ಇಲ್ಲದ ಕಾಣ್ಕೆಗೆ ಆಕರದ ವೇಷ ಎಷ್ಟು ಸಲೀಸಾಗಿ ಕೂಡುತ್ತದೆ ನೋಡಿ!

ಇದರ ಇನ್ನೊಂದು ಮಗ್ಗುಲೂ ಇದೆ: ನಿಜವಾಗಿ ಕಂಡವರು, ಆದರೆ ರೂಪಕ್ಕೆ ಸಿಗದವರು. ಕಾಫಿಯ ಕಪ್ಪು ಕೊಳೆಗೆ ಬ್ರಿಟಿಷ್ ಶಿಲೀಂಧ್ರತಜ್ಞ ಕುಕ್ 1876ರಲ್ಲಿ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಕನ್ನಡ ಬೆಳೆಗಾರರ ಮಾತು ಲ್ಯಾಟಿನ್ ಹೆಸರಿನ ಒಳಗೇ ಹೊಕ್ಕಿತು, ಅದರ ಬೆನ್ನಿಗಿರುವುದು ಕುಕ್ ಎಂದು ಮಾತ್ರ. ಮದ್ದು ಬರುವುದಕ್ಕೆ ಮೊದಲು ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆದ ಮಲೆನಾಡಿನವರ ಹೆಸರೂ ಯಾವ ಆವರಣದಲ್ಲೂ ಇಲ್ಲ.

ಬಾಯಿಮಾತಿಗೆ ವೈದ್ಯಕೀಯ ಸಂಪಾದಕರ ನಿಯಮಾವಳಿಯಲ್ಲಿ ಸಣ್ಣದೊಂದು ಜಾಗವಿದೆ. ಬೇರೆಲ್ಲೂ ಸಿಗದ, ಅಗತ್ಯವಾದ ಮಾಹಿತಿಯಾದರೆ ಹೇಳಿದವರ ಹೆಸರು ಮತ್ತು ದಿನಾಂಕವನ್ನು ಪಠ್ಯದ ನಡುವೆ ಆವರಣದಲ್ಲಿ ಕೊಡಬಹುದು. ಕೊನೆಯ ಪಟ್ಟಿಗೆ ಅದು ಸೇರುವುದಿಲ್ಲ. ಹೇಳಿದವರಿಂದ ಲಿಖಿತ ಒಪ್ಪಿಗೆಯೂ ಬೇಕು. ಐವರ್ನಾಡಿನ ಆ ಮಗಳು ಅಜ್ಜನ ಹೆಸರನ್ನು ಬರೆಯುವುದಾದರೆ ಮೊದಲು ಒಂದು ಕಾಗದಕ್ಕೆ ಅವರ ರುಜು ಹಾಕಿಸಿಕೊಳ್ಳಬೇಕಾಗುತ್ತದೆ.