ಇಂದಿನ ಧಮ್ಮ ಚಿಂತನೆ: ಹುಕುಂ ದೊಡ್ಡದೋ, ಸಂವಿಧಾನ ದೊಡ್ಡದೋ?

 

ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯ ಹುಡುಗರು ಸೈನ್ಯ ಭರ್ತಿಗೆ ಹೊರಟರೆ ಒಂದು ಪ್ರಶ್ನೆ ಏಳುತ್ತದೆ. ಪಂಚಶೀಲ ಸ್ವೀಕರಿಸಿದವರು ಮೇಲಿನವರ ಹುಕುಂ ಪಾಲಿಸುವ ಕೆಲಸಕ್ಕೆ ಹೋಗಬಹುದೇ?

ಬಾಬಾಸಾಹೇಬರು ಸೈನ್ಯ ಬೇಡವೆನ್ನಲಿಲ್ಲ. ಅವರ ತಂದೆ ರಾಮಜಿಯವರು ಸುಬೇದಾರರು. ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದ್ದರು. ಬಾಬಾಸಾಹೇಬರು ಬಿಡದೆ ಒತ್ತಾಯಿಸಿದರು. 1941ರಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಲಾಯಿತು.

ಅದೇ ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಇನ್ನೊಂದು ಘಟನೆ ಹೇಳಿದ್ದಾರೆ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಮಾಡಲು ಶಾಕ್ಯ ಸಂಘ ಬಹುಮತದಿಂದ ತೀರ್ಮಾನಿಸಿತು. ಸಿದ್ಧಾರ್ಥರು ತುಂಬಿದ ಸಭೆಯಲ್ಲೇ ವಿರೋಧಿಸಿದರು, ಸೈನ್ಯ ಸೇರಲಾರೆ ಎಂದರು. ಆದರೆ ಸಂಘದ ಅಧಿಕಾರವನ್ನು ಅಲ್ಲಗಳೆಯಲಿಲ್ಲ. ಮನೆಯವರಿಗೆ ಬಹಿಷ್ಕಾರ ಬೇಡ, ಶಿಕ್ಷೆ ನನ್ನೊಬ್ಬನಿಗೇ ಇರಲಿ ಎಂದು ನಾಡು ಬಿಟ್ಟರು.

ಹಾಗಾದರೆ ಇಂದಿನ ಸೈನಿಕನ ದಾರಿ ಯಾವುದು? ಆತನ ಪ್ರಮಾಣವಚನದಲ್ಲಿ ಮೊದಲು ಬರುವುದು ಭಾರತದ ಸಂವಿಧಾನಕ್ಕೆ ನಿಷ್ಠೆ. ರಾಷ್ಟ್ರಪತಿಯವರ ಮತ್ತು ಮೇಲಧಿಕಾರಿಯ ಆಜ್ಞೆ ಬರುವುದು ಆಮೇಲೆ. 1950ರ ಸೈನ್ಯ ಕಾಯ್ದೆಯ 41ನೇ ಕಲಂ ಕೂಡ ‘ಕಾನೂನುಬದ್ಧ’ ಆಜ್ಞೆ ಮೀರಿದರೆ ಮಾತ್ರ ಶಿಕ್ಷೆ ಎನ್ನುತ್ತದೆ.

ಇಷ್ಟವಿಲ್ಲದ ಹುಕುಂ ಬೇರೆ, ಅದನ್ನು ಪಾಲಿಸಲೇಬೇಕು. ಪ್ರತಿ ಸಿಪಾಯಿಯೂ ತನ್ನ ಮನಸ್ಸಿಗೆ ಬಂದಂತೆ ನಡೆದರೆ ಬಂದೂಕು ಹಿಡಿದವನೇ ದೊರೆಯಾಗುತ್ತಾನೆ. ಆಗ ಮೊದಲು ಸಾಯುವುದು ಬಡವರ ಸಂವಿಧಾನ. ಕಾನೂನು ಮೀರಿದ ಹುಕುಂ ಬೇರೆ. ಅಲ್ಲಿ ‘ಇಲ್ಲ’ ಎನ್ನುವವನೇ ಪ್ರಮಾಣವಚನ ಉಳಿಸಿಕೊಂಡವನು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಹುಕುಂ ಕಾನೂನುಬದ್ಧ, ಆದರೆ ಅಂತಃಸಾಕ್ಷಿ ಒಪ್ಪುವುದಿಲ್ಲ. ಅಲ್ಲಿ ಸಿದ್ಧಾರ್ಥರ ದಾರಿಯಿದೆ. ಬಹಿರಂಗವಾಗಿ ಹೇಳಬೇಕು, ಆಯುಧ ತಿರುಗಿಸಬಾರದು, ಬೆಲೆಯನ್ನು ತಾನೇ ತೆರಬೇಕು.

ಬಂಧುಗಳೇ, ನಮ್ಮ ಹಿರಿಯರು ತಲೆಮಾರುಗಟ್ಟಲೆ ಊರಿನ ಹುಕುಂ ಹೊತ್ತವರು. ಕೆರೆ ಮುಟ್ಟಬೇಡ ಎಂಬುದೂ ಹುಕುಮ್ಮೇ ಆಗಿತ್ತು. ತಡೆದು ನಿಂತವರು ಹೇಳಿದ್ದೂ “ಮೇಲಿನವರು ಹೇಳಿದ್ದಾರೆ” ಎಂದೇ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಸೈನಿಕರಿರಲಿ, ಪೊಲೀಸರಿರಲಿ, ಪಂಚಾಯಿತಿ ನೌಕರರಿರಲಿ, ನಮ್ಮ ಬಾಯಲ್ಲಿ ಆ ಮಾತು ಸುಲಭಕ್ಕೆ ಬರಬಾರದು.

ನಿಮ್ಮ ಮನೆಯಲ್ಲಿ ಸಮವಸ್ತ್ರ ತೊಟ್ಟವರಿದ್ದರೆ ಇವತ್ತು ಅವರಿಂದ ಪ್ರಮಾಣವಚನವನ್ನು ಒಮ್ಮೆ ಗಟ್ಟಿಯಾಗಿ ಓದಿಸಿ. ಮೊದಲು ಯಾವ ಹೆಸರು ಬರುತ್ತದೆಂದು ಮಕ್ಕಳೂ ಕೇಳಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.